ಮುಪ್ಪಿಗೂ ಅಂಗವೈಕಲ್ಯಕ್ಕೂ ಒದಗುವ ಬಚ್ಚಲು: ದಾವಣಗೆರೆ–ಹರಿಹರ ಸೀಮೆಯ ಮನೆಗಳನ್ನು ಕುರಿತು

ವೃದ್ಧರು ಮನೆಯೊಳಗೆ ಜಾರಿ ಬೀಳುವ ಜಾಗಗಳಲ್ಲಿ ಬಚ್ಚಲು ಮತ್ತು ಶೌಚಾಲಯಗಳು ಮುಖ್ಯವಾಗಿರುವುದಕ್ಕೆ ಕಾರಣ ಅರ್ಧ ದೇಹದಲ್ಲಿದೆ, ಉಳಿದರ್ಧ ಕಟ್ಟಡದಲ್ಲಿದೆ. ವಯಸ್ಸಾದಂತೆ ತೊಡೆಯ ಸ್ನಾಯುಗಳು ಸೊರಗುತ್ತವೆ, ಮೊಣಕಾಲಿನ ಕೀಲು ಸವೆಯುತ್ತದೆ, ಕಣ್ಣಿಗೆ ಮೆಟ್ಟಿಲಿನ ಅಂಚು ಮಸುಕಾಗುತ್ತದೆ; ಕುಳಿತಲ್ಲಿಂದ ಎದ್ದೊಡನೆ ರಕ್ತದೊತ್ತಡ ತಟ್ಟನೆ ಇಳಿದು ಕಣ್ಣು ಕತ್ತಲೆಗಟ್ಟುವುದು ರಕ್ತದೊತ್ತಡದ ಮಾತ್ರೆ ನುಂಗುವವರಲ್ಲಿ ಸಾಮಾನ್ಯ; ಸಕ್ಕರೆ ಕಾಯಿಲೆ ಹಳೆಯದಾದವರಿಗೆ ಅಂಗಾಲಿನ ಸ್ಪರ್ಶಜ್ಞಾನವೇ ಕುಂದಿರುತ್ತದೆ. ಹೀಗೆ ಬೇರೆ ಬೇರೆಯಾಗಿ ಹೇಗೋ ಸಹಿಸಿಕೊಳ್ಳಬಹುದಾದ ಕೊರತೆಗಳೆಲ್ಲ ಒದ್ದೆ ನೆಲ, ಇಕ್ಕಟ್ಟಾದ ಗೋಡೆ, ಎತ್ತರದ ಹೊಸ್ತಿಲು, ಮಂದ ಬೆಳಕು ಕೂಡಿರುವ ನಾಲ್ಕಡಿ ಅಗಲದ ಕೋಣೆಯಲ್ಲಿ ಏಕಕಾಲಕ್ಕೆ ಎದುರಾಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಬಿದ್ದು ಸಾಯುತ್ತಾರೆ. ಅವರಲ್ಲಿ ಅರವತ್ತು ದಾಟಿದವರ ಪಾಲೇ ಹೆಚ್ಚು. ಸಾಯದೆ ಉಳಿದವರಲ್ಲಿ ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದವರ ಬದುಕು ಮೊದಲಿನಂತಾಗುವುದು ಅಪರೂಪ.

2011ರ ಜನಗಣತಿಯ ವೇಳೆಗೆ ಕರ್ನಾಟಕದ ಜನಸಂಖ್ಯೆಯಲ್ಲಿ ಅರವತ್ತು ದಾಟಿದವರು ಶೇ 9.5ರಷ್ಟಿದ್ದರು, ಅಂದರೆ ಸುಮಾರು 58 ಲಕ್ಷ. ಅಂಗವಿಕಲರೆಂದು ದಾಖಲಾದವರು 13 ಲಕ್ಷಕ್ಕೂ ಹೆಚ್ಚು. ಇಷ್ಟು ಜನರ ದಿನನಿತ್ಯದ ಅಗತ್ಯವೊಂದನ್ನು ಕುರಿತು ಕಾನೂನು ಏನು ಹೇಳುತ್ತದೆ ಎಂದು ನೋಡಿದರೆ, ಅದು ಬಹಳಷ್ಟು ಹೇಳುತ್ತದೆ, ಆದರೆ ಮನೆಯ ಬಾಗಿಲವರೆಗೆ ಬಂದು ನಿಂತುಬಿಡುತ್ತದೆ. 2016ರಲ್ಲಿ ಅಂಗೀಕಾರವಾಗಿ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಸಾರ್ವಜನಿಕರು ಬಳಸುವ ಕಟ್ಟಡಗಳನ್ನು, ಅವು ಸರ್ಕಾರದವಾಗಲಿ ಖಾಸಗಿಯವಾಗಲಿ, ಎಲ್ಲರಿಗೂ ನಿಲುಕುವಂತೆ ಕಟ್ಟಬೇಕೆಂದು ವಿಧಿಸುತ್ತದೆ. ಅದಕ್ಕೆ ಬೇಕಾದ ಅಳತೆಗಳನ್ನು ಕೇಂದ್ರ ಸರ್ಕಾರದ ಮಾರ್ಗಸೂಚಿಗಳು 2016ರಲ್ಲೂ ಪರಿಷ್ಕೃತ ರೂಪದಲ್ಲಿ 2021ರಲ್ಲೂ ಒದಗಿಸಿವೆ. 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಇವು ಕೇವಲ ಸಲಹೆಗಳಾಗಿ ಉಳಿಯಬಾರದು, ಕಡ್ಡಾಯ ನಿಯಮಗಳನ್ನು ಬೇರೆಯಾಗಿ ರೂಪಿಸಬೇಕು ಎಂದೂ ಆದೇಶಿಸಿತು. ಆದರೆ ಒಂದು ಕುಟುಂಬ ತನಗಾಗಿ ನಿವೇಶನದಲ್ಲಿ ಕಟ್ಟಿಕೊಳ್ಳುವ ಮನೆಯ ಬಚ್ಚಲು ಈ ಯಾವುದರ ವ್ಯಾಪ್ತಿಗೂ ಬರುವುದಿಲ್ಲ. ಅಲ್ಲಿ ಬಾಗಿಲು ಎಷ್ಟು ಅಗಲ, ನೆಲ ಎಷ್ಟು ತಗ್ಗು, ಗೋಡೆ ಎಷ್ಟು ದಪ್ಪ ಎಂಬುದನ್ನು ನಿರ್ಧರಿಸುವವರು ಮನೆಯ ಯಜಮಾನರು, ಮತ್ತು ಬಹುಪಾಲು ಅವರಿಗಿಂತ ಹೆಚ್ಚಾಗಿ, ಗಾರೆ ಮೇಸ್ತ್ರಿ.

ದಾವಣಗೆರೆ ಮತ್ತು ಹರಿಹರದ ಸೀಮೆ ಈ ಪ್ರಶ್ನೆಯನ್ನು ಪರಿಶೀಲಿಸಲು ತಕ್ಕದಾಗಿದೆ, ಏಕೆಂದರೆ ಕೆಲವೇ ಮೈಲಿಗಳ ಅಂತರದಲ್ಲಿ ಇಲ್ಲಿ ಮೂರು ಬಗೆಯ ಮನೆಗಳು ಸಿಗುತ್ತವೆ. ಭದ್ರಾ ನಾಲೆಯ ನೀರುಣ್ಣುವ ಮಲೇಬೆನ್ನೂರು, ಕೊಕ್ಕನೂರು ಮುಂತಾದ ಊರುಗಳಲ್ಲಿ ಶೌಚಾಲಯ ಹಿತ್ತಲಿನಲ್ಲಿದ್ದು ಬಚ್ಚಲು ಮನೆಯೊಳಗೋ ಪಡಸಾಲೆಯ ಪಕ್ಕದಲ್ಲೋ ಇರುವ ಮನೆಗಳಿವೆ. ಹರಿಹರದ ಹಳೆಯ ಕೇರಿಗಳಲ್ಲಿ ಮತ್ತು ದಾವಣಗೆರೆಯ ಹತ್ತಿ ಗಿರಣಿಗಳ ಕಾಲದ ಬೀದಿಗಳಲ್ಲಿ ಉದ್ದಕ್ಕೆ ಚಾಚಿದ, ಗಾಳಿ ಬೆಳಕು ಕಡಿಮೆಯಿರುವ ಮನೆಗಳಿವೆ. ಕಿರ್ಲೋಸ್ಕರ್ ಕಾರ್ಖಾನೆಯಲ್ಲೂ ಗಿರಣಿಗಳಲ್ಲೂ ದುಡಿದು ಇಂದು ಎಪ್ಪತ್ತು ಎಂಬತ್ತರ ಆಸುಪಾಸಿನಲ್ಲಿರುವ ಅನೇಕರ ವಾಸ ಇಂಥ ಮನೆಗಳಲ್ಲೇ. ಮೂರನೆಯದು ವಿದ್ಯಾನಗರ, ನಿಜಲಿಂಗಪ್ಪ ಬಡಾವಣೆಯಂಥ ಹೊಸ ಬಡಾವಣೆಗಳ ಮನೆ: ಮಲಗುವ ಕೋಣೆಗೆ ಅಂಟಿಕೊಂಡ ಬಚ್ಚಲು, ಅಲ್ಲೇ ಕಮೋಡು, ಗೋಡೆಯುದ್ದಕ್ಕೂ ಹೊಳೆಯುವ ಟೈಲ್ಸು. ಮೂರರಲ್ಲೂ ತೊಂದರೆ ಬೇರೆ ಬೇರೆ, ಹಾಗಾಗಿ ಪರಿಹಾರವೂ ಬೇರೆ.

ಹಳ್ಳಿಯ ಶೌಚಾಲಯದ ಮಾತು ಮೊದಲು ಬರಬೇಕು. 2014ರಲ್ಲಿ ಆರಂಭವಾದ ಸ್ವಚ್ಛ ಭಾರತ ಅಭಿಯಾನದಡಿ 12,000 ರೂಪಾಯಿ ಪ್ರೋತ್ಸಾಹಧನ ಪಡೆದು ಕಟ್ಟಿದ ಶೌಚಾಲಯಗಳಲ್ಲಿ ಹೆಚ್ಚಿನವು ಅವಳಿ ಗುಂಡಿಯ ಪದ್ಧತಿಯವು, ಎಂದರೆ ಒಂದು ಗುಂಡಿ ತುಂಬಿದಾಗ ಮಲವನ್ನು ಎರಡನೆಯದಕ್ಕೆ ತಿರುಗಿಸಿ ಮೊದಲನೆಯದನ್ನು ಗೊಬ್ಬರವಾಗಲು ಬಿಡುವಂಥವು. ಕುಳಿಯಿಂದ ಗುಂಡಿಗೆ ಕೊಳವೆ ಇಳಿಜಾರಾಗಿ ಹೋಗಬೇಕಾದ್ದರಿಂದ, ನಾಲೆಯ ಸೀಮೆಯಲ್ಲಿ ಮಳೆಗಾಲಕ್ಕೆ ನೀರು ಮೇಲಕ್ಕೇರುವುದರಿಂದಲೂ, ಶೌಚಾಲಯದ ನೆಲವನ್ನು ಒಂದೂವರೆ ಎರಡು ಅಡಿ ಎತ್ತರಿಸಿ ಕಟ್ಟುತ್ತಾರೆ. ಅದಕ್ಕೆ ಮೆಟ್ಟಿಲು ಎರಡು ಮೂರು ಬರುತ್ತವೆ, ಹಿಡಿದುಕೊಳ್ಳಲು ಕಂಬಿಯಿರುವುದಿಲ್ಲ. ಗಾಲಿಕುರ್ಚಿಗೆ ಬೇಕಾದ ಇಳಿಜಾರು ಒಂದಕ್ಕೆ ಹನ್ನೆರಡರ ಪ್ರಮಾಣದಲ್ಲಿರಬೇಕೆಂಬುದು ಎಲ್ಲೆಡೆ ಒಪ್ಪಿತವಾದ ಲೆಕ್ಕ, ಎಂದರೆ ಒಂದಡಿ ಏರಲು ಹನ್ನೆರಡಡಿ ಉದ್ದ ಬೇಕು. ಒಂದೂವರೆ ಅಡಿಯ ಶೌಚಾಲಯಕ್ಕೆ ಹದಿನೆಂಟು ಅಡಿಯ ಇಳಿಜಾರನ್ನು ಚಿಕ್ಕ ಹಿತ್ತಲಿನಲ್ಲಿ ಎಲ್ಲಿ ಚಾಚುವುದು ಎಂಬ ಪ್ರಶ್ನೆಗೆ ಸೋತು ಎಷ್ಟೋ ಮನೆಯವರು ಕೈಚೆಲ್ಲುತ್ತಾರೆ. ಆದರೆ ಇಲ್ಲಿ ಗಮನಿಸದೆ ಬಿಟ್ಟ ಸಂಗತಿಯೊಂದಿದೆ: ಮನೆಯೂ ಅಷ್ಟೇ ಎತ್ತರದ ಪಾಯದ ಮೇಲೆ ನಿಂತಿರುತ್ತದೆ. ವೃದ್ಧರು ಹಿತ್ತಲ ಬಾಗಿಲಿನ ಮೆಟ್ಟಿಲಿಳಿದು ಮತ್ತೆ ಶೌಚಾಲಯದ ಮೆಟ್ಟಿಲೇರುತ್ತಾರೆ. ಹಿತ್ತಲ ಬಾಗಿಲಿನಿಂದ ಶೌಚಾಲಯದವರೆಗೆ ಕಲ್ಲು ಮಣ್ಣು ತುಂಬಿ, ಮೇಲೆ ಒರಟು ಗಾರೆ ಹಾಕಿ, ಒಂದು ಬದಿಗೆ ಜಿಐ ಕೊಳವೆಯ ಕಂಬಿ ನೆಟ್ಟು ಮೂರೂವರೆ ಅಡಿ ಅಗಲದ ಕಟ್ಟೆ ಕಟ್ಟಿದರೆ ಇಳಿಯುವುದೂ ಇಲ್ಲ, ಏರುವುದೂ ಇಲ್ಲ. ಹಿತ್ತಲ ನೀರು ಹರಿದುಹೋಗಲು ಕಟ್ಟೆಯ ಅಡಿಯಲ್ಲೊಂದು ತೂಬು ಬಿಟ್ಟರೆ ಸಾಕು. ಇದಕ್ಕೆ ಬೇಕಾದ ಸಾಮಗ್ರಿ ಊರಲ್ಲೇ ಇದೆ, ಕೌಶಲವೂ ಊರ ಮೇಸ್ತ್ರಿಗೆ ಇದ್ದೇ ಇದೆ.

ಇನ್ನು ಒಳಗಿನದು. ಕುಕ್ಕರುಗಾಲಿನಲ್ಲಿ ಕೂರುವುದು ಮಂಡಿನೋವಿನವರಿಗೆ ಆಗದ ಕೆಲಸವಾದ್ದರಿಂದ, ಇರುವ ಕುಳಿಯನ್ನು ಕಿತ್ತು ಕಮೋಡು ಕೂರಿಸಬೇಕೆಂದು ನಗರದಿಂದ ಬಂದ ಮಕ್ಕಳು ಮೊದಲು ಯೋಚಿಸುತ್ತಾರೆ. ಅವಳಿ ಗುಂಡಿಗೆ ಹೊಂದಿಸಿದ ಗ್ರಾಮೀಣ ಕುಳಿ ಕಡಿದಾದ ಇಳಿಜಾರಿನದು, ಒಂದೆರಡು ಲೀಟರು ನೀರಿಗೆ ತೊಳೆದುಹೋಗುತ್ತದೆ. ಕಮೋಡಿಗೆ ಅದರ ಮೂರು ನಾಲ್ಕು ಪಟ್ಟು ನೀರು ಬೇಕು, ಮತ್ತು ನೀರು ಇಂಗದ ಜೌಗು ನೆಲದಲ್ಲಿ ಅಷ್ಟು ನೀರು ಗುಂಡಿಗೆ ಹೊರೆಯಾಗುತ್ತದೆ. ಆದ್ದರಿಂದ ಕುಳಿಯನ್ನು ಹಾಗೇ ಉಳಿಸಿ ಅದರ ಮೇಲೆ ನಿಲ್ಲಿಸುವ ಕಮೋಡು ಸ್ಟೂಲು, ಎಂದರೆ ನಡುವೆ ತೆರವಿರುವ ಆಸನದ ಕಬ್ಬಿಣದ ಚೌಕಟ್ಟು, ಹಳ್ಳಿಯ ಮನೆಗೆ ಹೆಚ್ಚು ಹೊಂದುತ್ತದೆ. ಮನೆಯ ಉಳಿದವರು ಅದನ್ನು ಪಕ್ಕಕ್ಕಿಟ್ಟು ಎಂದಿನಂತೆ ಬಳಸಬಹುದು. ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊರೆದು ಬಳಸುವ ಉಪಾಯ ಅನೇಕ ಮನೆಗಳಲ್ಲಿ ಕಾಣಸಿಗುತ್ತದೆ. ಕೊರೆದಲ್ಲಿ ಬಲಗುಂದಿದ ಆ ಕುರ್ಚಿಯ ಕಾಲುಗಳು ಒದ್ದೆ ನೆಲದ ಮೇಲೆ ಅಗಲಕ್ಕೆ ಜಾರುವುದರಿಂದ ಅದು ಅಪಾಯಕಾರಿ, ಅದನ್ನು ಕೈಬಿಡಲೇಬೇಕು.

ಆಸನದ ಎತ್ತರದ ಬಗ್ಗೆ ಮಾರ್ಗಸೂಚಿಗಳು ಹೇಳುವುದು ನೆಲದಿಂದ 450ರಿಂದ 480 ಮಿಲಿಮೀಟರ್, ಎಂದರೆ ಸುಮಾರು ಹದಿನೆಂಟು ಹತ್ತೊಂಬತ್ತು ಅಂಗುಲ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕಮೋಡು ಇದಕ್ಕಿಂತ ಎರಡು ಮೂರು ಅಂಗುಲ ತಗ್ಗು. ಎತ್ತರದ ಆಸನದಿಂದ ಏಳುವುದು ಸುಲಭವೆಂಬುದು ನಿಜ, ಆದರೆ ಸಾರ್ವಜನಿಕ ಕಟ್ಟಡದ ಅಳತೆ ಎಂದರೆ ಯಾರು ಬರುತ್ತಾರೋ ಗೊತ್ತಿಲ್ಲದ ಕಡೆಗೆ ಹಾಕಿದ ಸರಾಸರಿ ಅಳತೆ. ಮನೆಯಲ್ಲಿ ಬಳಸುವವರು ಯಾರೆಂಬುದು ಗೊತ್ತಿದೆ. ಐದಡಿಗಿಂತ ಗಿಡ್ಡವಿರುವ ಅಜ್ಜಿಗೆ ಹತ್ತೊಂಬತ್ತು ಅಂಗುಲದ ಆಸನದಲ್ಲಿ ಕಾಲು ನೆಲಕ್ಕೆ ತಾಗದೆ ತೂಗಾಡುತ್ತದೆ. ಹಾಗೆ ಕುಳಿತವರಿಗೆ ಮುಕ್ಕಲೂ ಆಗುವುದಿಲ್ಲ, ಏಳುವಾಗ ಊರಲು ನೆಲವೂ ಸಿಗುವುದಿಲ್ಲ. ಮೊಣಕಾಲಿನ ಹಿಂಬದಿಯ ಮಡಿಕೆಯಿಂದ ಅಂಗಾಲಿನವರೆಗೆ ಟೇಪು ಹಿಡಿದು ಅಳೆದು, ಅದಕ್ಕೆ ಒಂದೆರಡು ಅಂಗುಲ ಮಾತ್ರ ಸೇರಿಸಿ ಆಸನ ಗೊತ್ತುಮಾಡುವುದು ಮನೆಗೆ ಸರಿಯಾದ ಕ್ರಮ. ಇದೇ ವಿವೇಚನೆ ಉಳಿದ ಅಳತೆಗಳಿಗೂ ಅನ್ವಯಿಸುತ್ತದೆ. ಪಾರ್ಶ್ವವಾಯುವಿನಿಂದ ಎಡಗೈ ಎಡಗಾಲು ಬಿದ್ದುಹೋದವರಿಗೆ ಹಿಡಿಕಂಬಿ ಬಲಗಡೆಯ ಗೋಡೆಯಲ್ಲಿರಬೇಕು. ಎಡಗಡೆ ಕೂರಿಸಿದ ಕಂಬಿ ಎಷ್ಟು ಬೆಲೆಬಾಳಿದರೂ ಅವರ ಪಾಲಿಗೆ ಇಲ್ಲದಂತೆಯೇ.

ಹಿಡಿಕಂಬಿಯ ವಿಚಾರದಲ್ಲಿ ನಿಜವಾದ ತೊಡಕು ಕಂಬಿಯದಲ್ಲ, ಗೋಡೆಯದು. ಹೊಸ ಮನೆಗಳಲ್ಲಿ ಬಚ್ಚಲಿನ ಒಳಗೋಡೆಗಳನ್ನು ನಾಲ್ಕೂವರೆ ಅಂಗುಲದ ಒಂಟಿ ಇಟ್ಟಿಗೆಯಲ್ಲೋ ಪೊಳ್ಳು ಬ್ಲಾಕಿನಲ್ಲೋ ಕಟ್ಟಿ, ಅದರೊಳಗೇ ನೀರಿನ ಕೊಳವೆ ಕೊರೆದು ಹೂತು, ಮೇಲೆ ಟೈಲ್ಸು ಮೆತ್ತುತ್ತಾರೆ. ಬೀಳುವ ಮನುಷ್ಯ ಕಂಬಿಯನ್ನು ಹಿಡಿದಾಗ ಅದರ ಮೇಲೆ ಬೀಳುವುದು ಅವನ ಇಡೀ ತೂಕ, ಅದೂ ಒಮ್ಮೆಲೇ. ಅಮೆರಿಕದ ಮಾನದಂಡ ಕಂಬಿಯೊಂದು 250 ಪೌಂಡು, ಎಂದರೆ ಸುಮಾರು 113 ಕಿಲೋ ಹೊರೆ ತಾಳಬೇಕೆನ್ನುತ್ತದೆ. ಪ್ಲಾಸ್ಟಿಕ್ ಬೆಣೆ ಬಡಿದು ಚಿಕ್ಕ ತಿರುಪಿನಲ್ಲಿ ಬಿಗಿದ ಕಂಬಿ ಅಂಥ ಗೋಡೆಯಿಂದ ಟೈಲ್ಸಿನ ಸಮೇತ ಕಿತ್ತುಬರುತ್ತದೆ. ರಬ್ಬರಿನ ಬಟ್ಟಲನ್ನು ಗೋಡೆಗೆ ಒತ್ತಿ ಅಂಟಿಸುವ ಕಂಬಿಗಳು ಇನ್ನೂ ಕೆಡುಕು, ಏಕೆಂದರೆ ಅವು ಇರುವವರೆಗೂ ಭರವಸೆ ಕೊಟ್ಟು ಬೇಕಾದ ಗಳಿಗೆಯಲ್ಲಿ ಕಳಚುತ್ತವೆ. ಇಂಥ ಗೋಡೆಯಿರುವ ಕಡೆ ನೆಲಕ್ಕೂ ಗೋಡೆಗೂ ಎರಡಕ್ಕೂ ಬಿಗಿಯುವ ಕಾಲುಳ್ಳ ಕಂಬಿ, ಅಥವಾ ಗೋಡೆಯ ಆಚೆ ಬದಿಗೆ ಉಕ್ಕಿನ ತಟ್ಟೆಯಿಟ್ಟು ಬೋಲ್ಟು ತೂರಿಸಿ ಬಿಗಿದ ಕಂಬಿ ಮಾತ್ರ ನಂಬತಕ್ಕದ್ದು. ಹಿಡಿಕಂಬಿಯೇ ಇಲ್ಲದ ಬಚ್ಚಲಿನಲ್ಲಿ ವೃದ್ಧರು ಏನನ್ನು ಹಿಡಿಯುತ್ತಾರೆ ಎಂಬುದನ್ನು ನೋಡಿದರೆ ಸಾಕು, ಕಂಬಿ ಎಲ್ಲಿ ಬೇಕೆಂಬುದು ತಿಳಿಯುತ್ತದೆ: ಟವೆಲು ಹಾಕುವ ಸರಳು, ನಲ್ಲಿ, ವಾಷ್‌ಬೇಸಿನ್ನಿನ ಅಂಚು. ಇವು ಮೂರೂ ತೂಕ ಹೊರಲು ಮಾಡಿದವಲ್ಲ.

ಬಾಗಿಲಿನದು ಇದಕ್ಕಿಂತ ಸರಳ, ಆದರೆ ಮನೆ ಕಟ್ಟಿದ ಮೇಲೆ ತಿದ್ದಲು ಇದಕ್ಕಿಂತ ಕಷ್ಟ. ಈ ಸೀಮೆಯಲ್ಲಿ ಬಚ್ಚಲಿಗೆ ರೂಢಿಯಲ್ಲಿರುವುದು ಎರಡೂವರೆ ಅಡಿಯ ಬಾಗಿಲು. ಚೌಕಟ್ಟು ಕಳೆದರೆ ಉಳಿಯುವ ಜಾಗದಲ್ಲಿ ವಾಕರ್ ಅಡ್ಡಡ್ಡವಾಗಿ ಹೇಗೋ ತೂರೀತು, ದೊಡ್ಡವರ ಗಾಲಿಕುರ್ಚಿ ಚಕ್ರ ತಿರುಗಿಸುವ ಕೈಯ ಸಮೇತ ತೂರದು. ಮಾರ್ಗಸೂಚಿ ಹೇಳುವ 900 ಮಿಲಿಮೀಟರ್, ಎಂದರೆ ಮೂರಡಿ, ಮನೆ ಕಟ್ಟುವಾಗ ಹೆಚ್ಚುವರಿ ಖರ್ಚಿಲ್ಲವೆನ್ನುವಷ್ಟು ಸುಲಭ. ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ ಒಳಗೆ ಬಿದ್ದವರ ದೇಹವೇ ಅದಕ್ಕೆ ಅಡ್ಡವಾಗಿ, ಹೊರಗಿನವರು ಬಾಗಿಲು ಮುರಿಯಬೇಕಾಗುತ್ತದೆ. ಅದು ಹೊರಕ್ಕೆ ತೆರೆಯಬೇಕು ಅಥವಾ ಪಕ್ಕಕ್ಕೆ ಸರಿಯಬೇಕು, ಚಿಲಕ ಹೊರಗಿನಿಂದಲೂ ನಾಣ್ಯವೊಂದರಿಂದ ತಿರುಗಿಸಿ ತೆಗೆಯುವಂಥದ್ದಾಗಿರಬೇಕು. ಬಚ್ಚಲ ನೀರು ಕೋಣೆಗೆ ಬಾರದಿರಲೆಂದು ಕಟ್ಟುವ ಮೂರು ನಾಲ್ಕು ಅಂಗುಲದ ಹೊಸ್ತಿಲಿಗೆ ಬದಲಾಗಿ ಬಾಗಿಲ ಅಡಿಯಲ್ಲಿ ಜಾಲರಿ ಹೊದಿಸಿದ ಸಣ್ಣ ಕಾಲುವೆ ಕೂರಿಸಿ, ಒಳನೆಲಕ್ಕೆ ಬಾಗಿಲಿನಿಂದ ದೂರ ಹೋಗುವ ಇಳಿಜಾರು ಕೊಟ್ಟರೆ ನೀರೂ ನಿಲ್ಲುತ್ತದೆ, ಎಡವುವುದೂ ತಪ್ಪುತ್ತದೆ. ಗಾಲಿಕುರ್ಚಿ ತಿರುಗಲು ಐದಡಿ ವ್ಯಾಸದ ಜಾಗ ಬೇಕೆಂಬ ನಿಯಮ ನಾಲ್ಕಡಿ ಅಗಲದ ಬಚ್ಚಲಿನವರನ್ನು ಹೆದರಿಸಬೇಕಾಗಿಲ್ಲ. ನಾಲ್ಕು ಚಿಕ್ಕ ಚಕ್ರಗಳ, ತೆರವಿನ ಆಸನದ ಸ್ನಾನದ ಕುರ್ಚಿಯಲ್ಲಿ ಕೋಣೆಯಿಂದಲೇ ಕೂರಿಸಿ, ಹಿಮ್ಮುಖವಾಗಿ ತಳ್ಳಿ ಕಮೋಡಿನ ಮೇಲೆ ನಿಲ್ಲಿಸಿ, ಅದರಲ್ಲೇ ಸ್ನಾನ ಮಾಡಿಸಿ ನೇರವಾಗಿ ಹೊರತರಬಹುದು.

ನೆಲದ ಬಗ್ಗೆ ಹಿಂದಿನವರ ಬಚ್ಚಲು ಇಂದಿನದಕ್ಕಿಂತ ಒಂದು ವಿಷಯದಲ್ಲಿ ಮೇಲಾಗಿತ್ತು. ಹಂಡೆ ಒಲೆಯ ಕಾಲದ ಬಚ್ಚಲು ಕತ್ತಲೆಯದಾಗಿದ್ದರೂ ಹೊಗೆಯಿಂದ ತುಂಬಿದ್ದರೂ ಅದರ ಹಾಸುಗಲ್ಲು ಒರಟಾಗಿದ್ದು ಕಾಲಿಗೆ ಹಿಡಿತ ಕೊಡುತ್ತಿತ್ತು. ಗೋಡೆಗೆಂದು ತಯಾರಾದ ನುಣುಪು ಟೈಲ್ಸನ್ನೇ ನೆಲಕ್ಕೂ ಹಾಸುವ ರೂಢಿ ಬಂದಮೇಲೆ ನೆಲ ಚಂದವಾಯಿತು, ಹಿಡಿತ ಹೋಯಿತು. ಕೊಳವೆಬಾವಿಯ ಗಡಸು ನೀರಿನೊಂದಿಗೆ ಸೋಪು ಬೆರೆತು ಕಟ್ಟುವ ತೆಳು ಪದರ, ಯುಗಾದಿ ದೀಪಾವಳಿಗಳ ಎಣ್ಣೆಸ್ನಾನದ ಜಿಡ್ಡು ಇದಕ್ಕೆ ಸೇರಿದರೆ ಗಟ್ಟಿಮುಟ್ಟಾದವರಿಗೇ ನಿಲ್ಲುವುದು ಕಷ್ಟ. ಈಗಾಗಲೇ ಹಾಸಿದ ನೆಲವನ್ನು ಕೀಳಲಾಗದವರು ಜಾರುವಿಕೆ ತಡೆಯುವ ಲೇಪನವನ್ನೋ ಅಂಚು ಮಡಚದ ರಬ್ಬರು ಹಾಸನ್ನೋ ಬಳಸಬಹುದು. ಆದರೆ ಹೊಸದಾಗಿ ಕಟ್ಟುವವರು ಒರಟು ಮೈಯ ಟೈಲ್ಸನ್ನು ಕೇಳಿ ತರುವುದರ ಜೊತೆಗೆ ಒಳಗಿನ ವಿನ್ಯಾಸವನ್ನೂ ಯೋಚಿಸಬೇಕು: ಕಮೋಡು ಬಾಗಿಲ ಬಳಿ, ಸ್ನಾನದ ಜಾಗ ಒಳತುದಿಗೆ ಇದ್ದರೆ, ರಾತ್ರಿ ಮೂತ್ರಕ್ಕೆ ಎದ್ದವರು ಒದ್ದೆ ನೆಲ ತುಳಿಯದೆ ಹೋಗಿಬರುತ್ತಾರೆ. ನಮ್ಮ ಕಡೆ ಸ್ನಾನವೆಂದರೆ ಬಕೆಟ್ಟಿನಿಂದ ಮೊಗೆದು ಹೊಯ್ದುಕೊಳ್ಳುವುದಾದ್ದರಿಂದ ಗಿಡ್ಡ ಮಣೆಯ ಬದಲು ಕುರ್ಚಿಯೆತ್ತರದ ಸ್ಟೂಲು, ಬಕೆಟ್ಟಿಡಲು ಒಂದಡಿ ಎತ್ತರದ ಕಟ್ಟೆ ಇದ್ದರೆ ಬಗ್ಗುವುದು ತಪ್ಪುತ್ತದೆ.

ಬಿಸಿನೀರಿನ ಅಪಾಯ ಬೀಳುವುದಕ್ಕಿಂತ ಕಡಿಮೆಯದಲ್ಲ. ಅರವತ್ತು ಡಿಗ್ರಿಯ ನೀರು ಐದೇ ಸೆಕೆಂಡುಗಳಲ್ಲಿ ಚರ್ಮವನ್ನು ಆಳವಾಗಿ ಸುಡುತ್ತದೆ. ಸ್ಪರ್ಶಜ್ಞಾನ ಕಳೆದುಕೊಂಡವರಿಗೆ ಸುಟ್ಟದ್ದೇ ತಿಳಿಯುವುದಿಲ್ಲ, ಹಾಗಾಗಿ ಗೀಸರಿನ ಉಷ್ಣತೆಯನ್ನು ಐವತ್ತರೊಳಗೆ ಇಳಿಸಿ, ಬಕೆಟ್ಟಿಗೆ ಮೊದಲು ತಣ್ಣೀರು ಬಿಟ್ಟುಕೊಳ್ಳುವುದು ಕ್ಷೇಮ. ಗ್ಯಾಸ್ ಗೀಸರನ್ನು ಬಚ್ಚಲಿನೊಳಗೆ ಎಂದಿಗೂ ಇಡಬಾರದು: ಅದು ಹೊರಬಿಡುವ ಇಂಗಾಲದ ಮಾನಾಕ್ಸೈಡು ವಾಸನೆಯಿಲ್ಲದ ವಿಷ, ಮುಚ್ಚಿದ ಕೋಣೆಯಲ್ಲಿ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ಮನೆಗೆ ಇನ್ವರ್ಟರ್ ಹಾಕಿಸುವವರು ಟಿವಿಗೂ ಫ್ಯಾನಿಗೂ ಸಂಪರ್ಕ ಕೊಟ್ಟು ಬಚ್ಚಲ ದೀಪವನ್ನು ಮರೆಯುತ್ತಾರೆ. ಕರೆಂಟು ಹೋದ ರಾತ್ರಿ ಮೊದಲು ಬೇಕಾಗುವುದು ಅದೇ. ಕಣ್ಣಿನ ಪೊರೆ ಬೆಳೆದವರಿಗೆ ಬಿಳಿ ನೆಲದ ಮೇಲಿನ ಬಿಳಿ ಕಮೋಡು ಕಾಣುವುದಿಲ್ಲವಾದ್ದರಿಂದ, ಆಸನವೋ ನೆಲವೋ ಒಂದಾದರೂ ಗಾಢ ಬಣ್ಣದ್ದಾಗಿರಬೇಕು.

ವೃದ್ಧರಿಗೆ ಒದಗುವುದೆಲ್ಲ ಅಂಗವಿಕಲರಿಗೂ ಒದಗುತ್ತದೆಂದು ತಿಳಿಯುವುದು ದೊಡ್ಡ ತಪ್ಪು. ಭಾರತದಲ್ಲಿ ಪೋಲಿಯೊದ ಕೊನೆಯ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ. ಅದಕ್ಕೂ ಮುಂಚಿನ ದಶಕಗಳಲ್ಲಿ ಪೋಲಿಯೊಕ್ಕೆ ತುತ್ತಾಗಿ ನೆಲದ ಮೇಲೆ ಕೈಯೂರಿ ತೆವಳಿಕೊಂಡೇ ಓಡಾಡುವವರು ಇಂದು ನಡುವಯಸ್ಸಿನಲ್ಲಿದ್ದಾರೆ. ಅವರಿಗೆ ಎತ್ತರದ ಕಮೋಡು ಏರಲಾಗದ ಗೋಡೆ. ಅವರಿಗೆ ಬೇಕಾದದ್ದು ನೆಲಮಟ್ಟದ ಕುಳಿ, ಒಣಗಿದ ಶುಚಿಯಾದ ನೆಲ, ಕುಳಿತೇ ಕೈಗೆಟುಕುವ ನಲ್ಲಿ ಮತ್ತು ಚಿಲಕ. ಬೆನ್ನುಹುರಿಗೆ ಪೆಟ್ಟಾದವರಿಗೆ ಗಟ್ಟಿ ಆಸನದಿಂದ ಒತ್ತಡದ ಹುಣ್ಣು ಬರುವುದರಿಂದ ಮೆತ್ತೆಯ ಆಸನ ಬೇಕು. ದೃಷ್ಟಿಯಿಲ್ಲದವರಿಗೆ ಹೊಸ ಉಪಕರಣಕ್ಕಿಂತ ಬಕೆಟ್ಟು, ಮಗ್ಗು, ಸೋಪು ದಿನವೂ ಒಂದೇ ಜಾಗದಲ್ಲಿರುವುದು ಮುಖ್ಯ. ಕೇಂದ್ರದ ಕುಡಿಯುವ ನೀರು ಮತ್ತು ನೈರ್ಮಲ್ಯ ಸಚಿವಾಲಯ 2015ರಲ್ಲಿ ಅಂಗವಿಕಲರ ಗೃಹಶೌಚಾಲಯಗಳಿಗಾಗಿಯೇ ಕೈಪಿಡಿಯೊಂದನ್ನು ಹೊರತಂದಿತು. ಅಂಥ ತಿಳಿವಳಿಕೆ ದೇಶದಲ್ಲಿ ಇಲ್ಲದೆ ಇಲ್ಲ, ಅದು ಮೇಸ್ತ್ರಿಯ ಕೈಗೆ ತಲುಪಿಲ್ಲವಷ್ಟೆ.

ಈ ಚರ್ಚೆಯಲ್ಲಿ ಮಾತಿಗೆ ಬರದೆ ಉಳಿಯುವುದು ಸಂಕೋಚ. ಸೊಸೆಯ ಕೈಯಿಂದಲೋ ಮಗನ ಕೈಯಿಂದಲೋ ಶೌಚ ಮಾಡಿಸಿಕೊಳ್ಳಲು ನಾಚುವ ಹಿರಿಯರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಅದರಿಂದ ಮಲಬದ್ಧತೆ, ಮೂತ್ರದ ಸೋಂಕು, ನಿತ್ರಾಣ ಒಂದರ ಹಿಂದೊಂದು ಬರುತ್ತವೆ, ನಿತ್ರಾಣವೇ ಮತ್ತೆ ಬೀಳಿಸುತ್ತದೆ. ಮಡಿಯ ಮಾತು, ದೇವರ ಮನೆಯ ಮಾತು, ವಾಸ್ತುವಿನ ಮಾತು ಎತ್ತಿ ಶೌಚಾಲಯವನ್ನು ಮಲಗುವ ಜಾಗದಿಂದ ದೂರವಿಡಬೇಕೆಂದು ಹಟ ಹಿಡಿಯುವವರಲ್ಲಿ ಹಿರಿಯರೇ ಹೆಚ್ಚು ಎಂಬುದೂ ನಿಜ, ಮತ್ತು ಅವರ ನಂಬಿಕೆಯನ್ನು ಹೀಗಳೆಯದೆ ರಾತ್ರಿಗೆ ಮಾತ್ರ ಮಂಚದ ಪಕ್ಕ ಮುಚ್ಚಳವಿರುವ ಕಮೋಡು ಕುರ್ಚಿ ಇಡುವಂಥ ಮಧ್ಯಮ ಮಾರ್ಗಗಳನ್ನು ಅವರೊಡನೆಯೇ ಕೂತು ಹುಡುಕಬೇಕು. ಎತ್ತಿ ಇಳಿಸಿ ಬೆನ್ನು ಮುರಿದುಕೊಳ್ಳುವವರು ಬಹುತೇಕ ಹೆಂಡತಿ, ಮಗಳು, ಸೊಸೆ; ಒಳ್ಳೆಯ ಬಚ್ಚಲು ಅವರ ಆರೋಗ್ಯದ ಪ್ರಶ್ನೆಯೂ ಹೌದು.

ಮನೆಯನ್ನು ತಿದ್ದಿದರೆ ನಿಜಕ್ಕೂ ಪ್ರಯೋಜನವಿದೆಯೇ ಎಂಬುದಕ್ಕೆ ಪುರಾವೆ ಗಟ್ಟಿಯಾಗಿದೆ. ನ್ಯೂಜಿಲೆಂಡಿನ ತರನಾಕಿ ಪ್ರಾಂತದಲ್ಲಿ 842 ಮನೆಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಮನೆಗಳಿಗೆ ಮೆಟ್ಟಿಲ ಕಂಬಿ, ಬಚ್ಚಲ ಹಿಡಿಕಂಬಿ, ಹೊರಗಿನ ದೀಪ, ಜಾರದ ಮೇಲ್ಮೈ ಮುಂತಾದ ಸಣ್ಣಪುಟ್ಟ ತಿದ್ದುಪಡಿ ಮಾಡಿ ನೋಡಿದ ಪ್ರಯೋಗದ ಫಲಿತಾಂಶ 2015ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು: ತಿದ್ದಿದ ಮನೆಗಳಲ್ಲಿ ಬಿದ್ದು ಗಾಯವಾಗುವುದು ಶೇ 26ರಷ್ಟು ಕಡಿಮೆಯಾಗಿತ್ತು. ಇದನ್ನರಿತ ಸರ್ಕಾರಗಳು ಮನೆಯೊಳಗಿನ ಬಚ್ಚಲಿಗೂ ಹಣ ಕೊಡುತ್ತವೆ. ಜಪಾನ್ 2000ದಲ್ಲಿ ಆರಂಭಿಸಿದ ದೀರ್ಘಕಾಲೀನ ಆರೈಕೆ ವಿಮೆಯಲ್ಲಿ ಹಿಡಿಕಂಬಿ, ಹೊಸ್ತಿಲು ತೆಗೆಯುವುದು, ಕಮೋಡು ಬದಲಿಸುವುದು ಮುಂತಾದವಕ್ಕೆ ಎರಡು ಲಕ್ಷ ಯೆನ್‌ವರೆಗಿನ ಕೆಲಸಕ್ಕೆ ನೆರವಿದೆ. ಇಂಗ್ಲೆಂಡಿನಲ್ಲಿ ಸ್ಥಳೀಯ ಸಂಸ್ಥೆಗಳ ಮೂಲಕ ಅಂಗವಿಕಲರ ಮನೆ ತಿದ್ದಲು ಅನುದಾನ ಸಿಗುತ್ತದೆ. ನಮ್ಮಲ್ಲಿ 2017ರ ರಾಷ್ಟ್ರೀಯ ವಯೋಶ್ರೀ ಯೋಜನೆ ಬಡ ವೃದ್ಧರಿಗೆ ಊರುಗೋಲು, ವಾಕರ್, ಗಾಲಿಕುರ್ಚಿಗಳನ್ನು ಕೊಡುತ್ತದೆ. ಆ ಗಾಲಿಕುರ್ಚಿ ಒಳಹೋಗದ ಬಾಗಿಲನ್ನು ಅಗಲ ಮಾಡುವ ಹೊಣೆ ಯಾವ ಯೋಜನೆಗೂ ಇಲ್ಲ. ಉಪಕರಣ ಕೊಡುವ ಮುನ್ನ ಮನೆಯ ಬಾಗಿಲನ್ನು ಅಳೆಯಬೇಕೆಂಬ ಒಂದೇ ನಿಯಮ ಬಂದರೂ ಎಷ್ಟೋ ಸರಿಹೋದೀತು.

ಇದನ್ನು ಇಲ್ಲೇ ಆರಂಭಿಸಲು ಬೇಕಾದ ಸಂಸ್ಥೆಗಳು ದಾವಣಗೆರೆಯಲ್ಲಿವೆ. ಅಂಗವಿಕಲರ ಪುನರ್ವಸತಿಗೆಂದು ಕೇಂದ್ರ ಸರ್ಕಾರ ನಡೆಸುವ ಪ್ರಾದೇಶಿಕ ಸಂಯುಕ್ತ ಕೇಂದ್ರ, ಎಂದರೆ ಸಿಆರ್‌ಸಿ, ಈ ನಗರದಲ್ಲಿದೆ; ಜೆ.ಜೆ.ಎಂ. ವೈದ್ಯಕೀಯ ಕಾಲೇಜು, ಚಿಗಟೇರಿ ಜಿಲ್ಲಾ ಆಸ್ಪತ್ರೆ ಇವೆ. 1951ರಿಂದ ನಡೆಯುತ್ತಿರುವ ಯು.ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜಿದೆ. ಗ್ರಾಮ ಪಂಚಾಯಿತಿಗಳು ಅಂಗವಿಕಲರಿಗಾಗಿ ಶೇ 5ರಷ್ಟು ಹಣ ಮೀಸಲಿಡಬೇಕೆಂಬ ನಿಯಮವಿದೆ, ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಸೊಂಟದ ಶಸ್ತ್ರಚಿಕಿತ್ಸೆಯಾದವರನ್ನೋ ಪಾರ್ಶ್ವವಾಯು ತಗುಲಿದವರನ್ನೋ ಆಸ್ಪತ್ರೆ ಮನೆಗೆ ಕಳಿಸುವ ಮುನ್ನ ಅವರ ಬಚ್ಚಲಿನ ಚಿತ್ರವನ್ನು ಫೋನಿನಲ್ಲಿ ತರಿಸಿ ನೋಡಿ ಸಲಹೆ ಕೊಡುವುದಕ್ಕೆ ಹೊಸ ಇಲಾಖೆ ಬೇಕಿಲ್ಲ. ಮೇಸ್ತ್ರಿಗಳಿಗೂ ಪ್ಲಂಬರುಗಳಿಗೂ ಎರಡು ದಿನದ ತರಬೇತಿ ಕೊಟ್ಟು ಅಳತೆಗಳ ಚೀಟಿಯೊಂದನ್ನು ಕನ್ನಡದಲ್ಲಿ ಅಚ್ಚು ಹಾಕಿ ಹಂಚುವುದಕ್ಕೆ ದೊಡ್ಡ ಮೊತ್ತವೂ ಬೇಕಿಲ್ಲ.

ಅಲ್ಲಿಯವರೆಗೆ, ಈ ವರ್ಷ ಮನೆಗೆ ಪಾಯ ತೋಡಿಸುತ್ತಿರುವವರು ತಮ್ಮ ಮೇಸ್ತ್ರಿಗೆ ಮೂರು ಮಾತು ಹೇಳಬೇಕು: ಬಚ್ಚಲಿಗೆ ಮೂರಡಿಯ ಬಾಗಿಲು ಇಟ್ಟು ಹೊರಕ್ಕೆ ತೆರೆಯುವಂತೆ ಮಾಡಿ, ಕಮೋಡಿನ ಪಕ್ಕದ ಗೋಡೆಯನ್ನು ಒಂಬತ್ತು ಅಂಗುಲದ ಗಟ್ಟಿ ಇಟ್ಟಿಗೆಯಲ್ಲಿ ಕಟ್ಟಿ, ಕೋಣೆಯ ನೆಲಕ್ಕೂ ಬಚ್ಚಲ ನೆಲಕ್ಕೂ ನಡುವೆ ಹೊಸ್ತಿಲು ಬೇಡ. ಹಿಡಿಕಂಬಿಯನ್ನು ಇಪ್ಪತ್ತು ವರ್ಷ ಕಳೆದ ಮೇಲೂ ಅರ್ಧ ದಿನದಲ್ಲಿ ಕೂರಿಸಬಹುದು. ಈ ಮೂರನ್ನು ಆಗ ಮಾಡಬೇಕೆಂದರೆ ಬಚ್ಚಲನ್ನೇ ಒಡೆಯಬೇಕಾಗುತ್ತದೆ.